ತೋಟಗಾರಿಕೆ ಸಚಿವರಿಗೆ ಒಂದು ಪತ್ರ: ಗೆಡ್ಡೆ ಸಿಂಗಲ್ಲೋ ಡಬಲ್ಲೋ, ನೆಡುವ ಮೊದಲೇ ಗೊತ್ತಾಗಲಿ

ಮಾನ್ಯ ಸಚಿವರೇ, ನಮಸ್ಕಾರ.

ಸುಗಂಧರಾಜ ಬೆಳೆಯುವವರ ಗೋಳೊಂದನ್ನು ಹೇಳಬೇಕಿತ್ತು. ಒಂದೇ ಸುತ್ತು ಎಸಳಿನ ಹೂವು ಸಿಂಗಲ್, ಸುತ್ತಿನ ಮೇಲೆ ಸುತ್ತು ಎಸಳಿನದು ಡಬಲ್. ಗೆಡ್ಡೆ ನೋಡಿ ಅದು ಸಿಂಗಲ್ಲೋ ಡಬಲ್ಲೋ ಅಂತ ಹೇಳೋಕೆ ಆಗಲ್ಲ. ನಮ್ಮ ಮನೆಯಲ್ಲಿ ಹಾರದ ಹೂವಿಗೆ ಅಂತ ಸಿಂಗಲ್ ಗೆಡ್ಡೆಯನ್ನೇ ಕೇಳಿ ತಂದೆವು. ನೆಟ್ಟು, ಗೊಬ್ಬರ ಹಾಕಿ, ಮೂರ್ನಾಲ್ಕು ತಿಂಗಳು ಕಾದು, ಕಡ್ಡಿ ಬಂದ ಮೇಲೆ ನೋಡಿದರೆ ಸಾಲಿನ ನಡುನಡುವೆ ಡಬಲ್! ಹಾರ ಕಟ್ಟುವವರು ಬಿಡಿ ಹೂವಿಗೆ ಕೇಳುವುದು ಸಿಂಗಲ್, ಸುಗಂಧದೆಣ್ಣೆಗೆ ಹೋಗುವುದೂ ಅದೇ. ಡಬಲ್ ಏನಿದ್ದರೂ ಕಡ್ಡಿ ಸಮೇತ ಬೊಕೆಗೆ. ಒಮ್ಮೆ ನೆಟ್ಟರೆ ಎರಡು ಮೂರು ವರ್ಷ ಇರುವ ಬೆಳೆ ಬೇರೆ. ಮಾರಿದವರನ್ನು ಕೇಳಿದರೆ 'ಗೆಡ್ಡೆ ಒಳಗೆ ಏನಿದೆ ಅಂತ ನಮಗೇನು ಗೊತ್ತು' ಅಂದರು. ಒಂದು ಲೆಕ್ಕಕ್ಕೆ ಅವರ ಮಾತೂ ನಿಜವೇ.

ಆದರೆ ಗೆಡ್ಡೆಯ ಒಳಗೆ ಏನಿದೆ ಅನ್ನುವುದು ಅಷ್ಟೇನೂ ಗುಟ್ಟಲ್ಲ ಸರ್. ಹೂವಿನ ಯಾವ ಸುತ್ತಿನಲ್ಲಿ ಏನು ಬರಬೇಕು ಅಂತ ತೀರ್ಮಾನಿಸುವುದು ಜೀನ್‌ಗಳು. ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯರೋವಿಟ್ಜ್ ಎಂಬ ವಿಜ್ಞಾನಿಗಳು 1991ರಲ್ಲೇ ಇದನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿ ಬಿಡಿಸಿ ತೋರಿಸಿದರು. ಎ ಒಂದೇ ಇದ್ದರೆ ಹೊರಗಿನ ಹಸಿರು ಎಸಳು, ಎ ಜೊತೆ ಬಿ ಸೇರಿದರೆ ಬಣ್ಣದ ಎಸಳು, ಬಿ ಮತ್ತು ಸಿ ಸೇರಿದರೆ ಕೇಸರ, ಸಿ ಒಂದೇ ಇದ್ದರೆ ಕಾಯಿ ಕಟ್ಟುವ ಭಾಗ. ಸಿ ಕೈಕೊಟ್ಟರೆ ಅದರ ಜಾಗಕ್ಕೆ ಎ ನುಗ್ಗಿ, ಕೇಸರ ಬರಬೇಕಾದ ಕಡೆಯಲ್ಲೂ ಎಸಳೇ ಬರುತ್ತದೆ, ಹೂವು ಮುಗಿಯಬೇಕಾದ ಕಡೆ ಮುಗಿಯದೆ ಒಳಗೊಳಗೇ ಮತ್ತೆ ಸುತ್ತು ಹಾಕುತ್ತಾ ಹೋಗುತ್ತದೆ. ಹೂವು ಡಬಲ್ ಆಗುವುದು ಹೀಗೆ.

ನಂಬಿಕೆ ಬರದಿದ್ದರೆ ಒಂದು ಡಬಲ್ ದಾಸವಾಳ ಕಿತ್ತು ಒಳಗಿನ ಎಸಳುಗಳನ್ನು ಬಿಡಿಸಿ ನೋಡಿ. ಕೆಲವು ಎಸಳಿನ ಅಂಚಿಗೆ ಹಳದಿ ಪರಾಗದ ಚೀಲ ಅಂಟಿಕೊಂಡೇ ಇರುತ್ತದೆ. ಅರ್ಧ ಕೇಸರ, ಅರ್ಧ ಎಸಳು. (ಎಸಳು ಜಾಸ್ತಿಯಾದಷ್ಟೂ ಪರಾಗ ಕಡಿಮೆ, ಜೇನುಹುಳಕ್ಕೆ ಅಲ್ಲಿ ಹೆಚ್ಚೇನೂ ಸಿಗಲ್ಲ. ನಮ್ಮ ಪಾರ್ಕುಗಳಲ್ಲಿ ಬರೀ ಡಬಲ್ ಹೂವು ತುಂಬುವವರು ಇದನ್ನೂ ಸ್ವಲ್ಪ ಯೋಚಿಸಬಹುದು.)

ಎಲ್ಲ ಗಿಡದಲ್ಲೂ ಒಂದೇ ಜೀನ್ ಕೆಟ್ಟಿರುತ್ತದೆ ಅಂತಲ್ಲ. ಜಪಾನಿನ ಮಾರ್ನಿಂಗ್ ಗ್ಲೋರಿ ಬಳ್ಳಿಯ ಡಬಲ್ ಹೂವಿನಲ್ಲಿ ಸಿ ಜೀನಿನೊಳಗೇ, ಜಾಗದಿಂದ ಜಾಗಕ್ಕೆ ಜಿಗಿಯುವ ಒಂದು ಡಿಎನ್‌ಎ ತುಂಡು ಹೊಕ್ಕಿದೆ. ಗುಲಾಬಿ, ಕಾರ್ನೇಷನ್‌ಗಳಲ್ಲಿ ಎ ಕಡೆಯ ಒಂದು ಜೀನ್ ಕಡಿವಾಣ ತಪ್ಪಿಸಿಕೊಂಡು ಸಿ ಜಾಗವನ್ನು ಒತ್ತರಿಸಿದೆ. ಕಾರ್ನೇಷನ್‌ನಲ್ಲಿ ಇದಕ್ಕೆ ಡಿಎನ್‌ಎ ಗುರುತೂ ಸಿಕ್ಕಿದೆ. ಸಸಿಯ ಒಂದು ಎಲೆ ಸಾಕು, ಹೂವಿಗೆ ಕಾಯಬೇಕಿಲ್ಲ. ಸುಗಂಧರಾಜ ಬೆಳೆಯುವವರ ಕೈಗೂ ಅಂಥ ಪರೀಕ್ಷೆ ಬರಲಿ ಅನ್ನುವುದೇ ನನ್ನ ಬೇಡಿಕೆ.

ಇದಕ್ಕೆ ಬೇಕಾದವರು ನಮ್ಮಲ್ಲೇ ಇದ್ದಾರಲ್ವಾ? ಮೆಕ್ಸಿಕನ್ ಸಿಂಗಲ್ ಮತ್ತು ಪರ್ಲ್ ಡಬಲ್ ಎಂಬ ಸುಗಂಧರಾಜದ ತಳಿಗಳನ್ನು ಕೂಡಿಸಿ 'ಸುವಾಸಿನಿ' ತಳಿ ಮಾಡಿದ್ದು ನಮ್ಮ ಹೆಸರಘಟ್ಟದಲ್ಲೇ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಅದು ಕೇಂದ್ರದ ಸಂಸ್ಥೆ, ಒಪ್ಪಿದೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ರಾಜ್ಯದ್ದೇ. ಇಬ್ಬರನ್ನೂ ಕೂರಿಸಿ ಈ ಒಂದು ಕೆಲಸಕ್ಕೆ ಅಂತ ದುಡ್ಡು ಕೊಡಿ.

ಪರೀಕ್ಷೆ ಬರುವ ತನಕ ಸುಮ್ನೆ ಕೂರಬೇಕಿಲ್ಲ. ಡಬಲ್ ಸುಗಂಧರಾಜವನ್ನು ಗೆಡ್ಡೆಯಿಂದಲೇ ಬೆಳೆಸುವುದು, ಹಾಗಾಗಿ ಒಂದು ಸಲ ಬೆರಕೆಯಾದರೆ ಆ ಬೆರಕೆ ವರ್ಷ ವರ್ಷ ಹೆಚ್ಚುತ್ತಲೇ ಹೋಗುತ್ತದೆ. ಗೆಡ್ಡೆ ಕೀಳುವ ತಾಯಿ ತಾಕುಗಳನ್ನು ಹೂ ಬಿಟ್ಟಾಗಲೇ ಅಧಿಕಾರಿಗಳು ಸಾಲು ಸಾಲು ನೋಡಿ, ಬೇರೆ ಜಾತಿಯದ್ದನ್ನು ಕಿತ್ತು ಹಾಕಿಸಲಿ. ಆಮೇಲೆ ಚೀಲಕ್ಕೆ ಚೀಟಿ ಅಂಟಿಸಿ ಮಾರಲಿ. ಮೊದಲು ಇಲಾಖೆಯ ನರ್ಸರಿಗಳಲ್ಲಿ ಶುರು ಮಾಡಿ, ಖಾಸಗಿಯವರಿಗೆ ನಿಯಮ ಆಮೇಲೆ ತನ್ನಿ.

ಇಂತಿ,
ಒಬ್ಬ ಹೂ ಬೆಳೆಗಾರ