ಶನಿವಾರದ ಕಛೇರಿಗೆ ಬಂದವರಿಗೆಲ್ಲ, ಮುಖ್ಯವಾಗಿ ಐರಿಷ್ ಬ್ಯಾಗ್‌ಪೈಪ್ ನುಡಿಸುವ ನಮ್ಮ ಪೈಪರ್‌ಗೆ

ಅಂತೂ ಆಯಿತು! ಮಳೆಯಲ್ಲಿ ನೆನೆದು ಡಬ್ಲಿನ್‌ನ ಆ ತಣ್ಣನೆ ಚರ್ಚಿಗೆ ಬಂದ ಎಲ್ಲರಿಗೂ ನಮಸ್ಕಾರ. ಈ ಕಛೇರಿ ಯಾಕೆ ಮುಂದಕ್ಕೆ ಹೋಗಿತ್ತು ಅಂತ ನಿಮಗೆ ಗೊತ್ತು, ಮತ್ತೆ ಬರೆಯುವುದಿಲ್ಲ.

ಐರಿಷ್ ಜನಪದವನ್ನೂ ಬರೋಕ್ ಸಂಗೀತವನ್ನೂ (17-18ನೇ ಶತಮಾನದ ಯುರೋಪಿನ ಶಾಸ್ತ್ರೀಯ ಸಂಗೀತ) ಬೆರೆಸುವುದು ನಮ್ಮ ಹೊಸ ಹುಚ್ಚೇನಲ್ಲ. 1670ರಲ್ಲಿ ಹುಟ್ಟಿದ ಕುರುಡ ಹಾರ್ಪ್ ವಾದಕ ಕ್ಯಾರೊಲನ್‌ಗೇ ಇಟಲಿಯ ಸಂಗೀತದ ಗಾಳಿ ತಗುಲಿತ್ತು. ಇಟಲಿಯ ಬರೋಕ್ ಪಿಟೀಲುವಾದಕ, ಸಂಗೀತ ರಚನಕಾರ ಜೆಮಿನಿಯಾನಿ ತೀರಿಕೊಂಡಿದ್ದು ಇದೇ ಡಬ್ಲಿನ್‌ನಲ್ಲಿ, 1762ರಲ್ಲಿ. ನಮಗೆ ತಲೆನೋವಾಗಿದ್ದು ಶ್ರುತಿ. ನನ್ನ ಪಿಟೀಲಿನ ಕರುಳಿನ ತಂತಿ, ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ) ಎರಡರಲ್ಲೂ 'ಎ' ಸ್ವರ 415 ಹರ್ಟ್ಸ್‌ಗೆ. ಮಾಮೂಲಿ ಪೈಪ್ಸ್ 440ಕ್ಕೆ. ಹತ್ತಿರ ಹತ್ತಿರ ಅರ್ಧ ಸ್ವರ ವ್ಯತ್ಯಾಸ. ನಮ್ಮ ಪೈಪರ್ ಯಾರನ್ನೋ ಕಾಡಿ ಬೇಡಿ ಅರ್ಧ ಸ್ವರ ತಗ್ಗಿನ ಸಿ ಶಾರ್ಪ್ ಪೈಪ್ಸ್ ತಂದರು. ಶ್ರುತಿ ಕೂಡಿತು.

ಆದರೆ ಅವರಿಗೆ ನಾನು ಋಣಿಯಾಗಿರುವುದು ಅದಕ್ಕಲ್ಲ.

ಅಪ್ಪ ಹೋದ ಸುದ್ದಿ ಬಂದ ರಾತ್ರಿ ಬೆಂಗಳೂರಿಗೆ ವಿಮಾನ ಇದ್ದದ್ದು ಬೆಳಿಗ್ಗೆ. ಅವರು ನಮ್ಮ ಅಡುಗೆಮನೆಯಲ್ಲೇ ಕೂತರು. ಸಮಾಧಾನದ ಮಾತು ಒಂದೂ ಇಲ್ಲ. ಚಾಕುವಿನಿಂದ ಪೈಪಿನ ರೀಡ್ (ಸದ್ದು ಹೊರಡಿಸುವ ತೆಳು ಪಟ್ಟಿ) ಹೆರೆಯುವುದು, ಬಾಯಿಗಿಟ್ಟು ಊದಿ ನೋಡುವುದು, ಮತ್ತೆ ಹೆರೆಯುವುದು. ಬಾತುಕೋಳಿ ಕೂಗಿದ ಹಾಗೆ ಸದ್ದು. ಯಾವಾಗಲೋ ನನಗೆ ನಗು ಬಂತು, ಅದರ ಹಿಂದೆಯೇ ಅಳು. ಆಮೇಲೆ ಪಿಟೀಲು ಕೈಗೆ ಕೊಟ್ಟು, "ಆ ವಿಳಂಬದ ಟ್ಯೂನ್ ನುಡಿಸು" ಅಂದರು. ಅಭ್ಯಾಸಬಲ, ಸಾಲಿನ ಕೊನೆಗೆ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಅದಲುಬದಲು ನುಡಿಸುವುದು) ಹಾಕಿದೆ. "ಅಷ್ಟೆಲ್ಲ ಬೇಡ, ಒಂದು ಕಟ್ ಸಾಕು" ಅಂತ ನನ್ನ ಬೆರಳನ್ನು ತಂತಿಗೆ ಒಮ್ಮೆ ಮುಟ್ಟಿಸಿ ಎತ್ತಿದರು. ಬೆಳಗಾಗುವವರೆಗೆ ಅದೊಂದೇ ಟ್ಯೂನ್. ವಿಮಾನ ನಿಲ್ದಾಣಕ್ಕೂ ಅವರೇ ಬಿಟ್ಟರು.

ಅಪ್ಪನಿಗೆ ಇದನ್ನು ಕೇಳಿಸಲಿಲ್ಲ. ರೆಕಾರ್ಡ್ ಮಾಡಿ ಕಳಿಸಬಹುದಿತ್ತು, ಅಲ್ವಾ? ಸರಿ, ಆ ಮಾತು ಬಿಡಿ.

ಶನಿವಾರ ಆ ಟ್ಯೂನಿಗೆ ಹಾರ್ಪ್ಸಿಕಾರ್ಡ್ ಬೇಡ ಅಂದೆ. ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳು, ಬಂದರೆ ರಾಗಕ್ಕೆ ಬೇಲಿ ಹಾಕಿದಂತಾಗುತ್ತದೆ. ಕೆಳಗೆ ಪೈಪಿನ ಡ್ರೋನ್ ಮಾತ್ರ, ನಮ್ಮ ತಂಬೂರಿ ಇರುತ್ತದಲ್ಲ, ಆ ಕೆಲಸ. ತನ್ನ ಭಾಗ ಬಿಟ್ಟುಕೊಟ್ಟ ಹಾರ್ಪ್ಸಿಕಾರ್ಡ್ ಗೆಳತಿಗೆ, ಚೆಲ್ಲೊ ಹುಡುಗನಿಗೆ, ಕುರ್ಚಿ ಜೋಡಿಸಿದವರಿಗೆ, ಚಿತ್ರಾನ್ನ ತಂದ ಕನ್ನಡ ಬಳಗದವರಿಗೆ ತುಂಬಾ ಥ್ಯಾಂಕ್ಸ್.

ಮುಂದಿನ ಕಛೇರಿಯೂ ಅದೇ ಚರ್ಚಿನಲ್ಲಿ. ಹೀಟರ್ ರಿಪೇರಿ ಆಗುವ ಲಕ್ಷಣ ಇಲ್ಲ, ಸ್ವೆಟರ್ ಹಾಕಿಕೊಂಡೇ ಬನ್ನಿ.