ನಿಂತ ಕಾರಿಗೆ ಐದು ನಿಮಿಷದ ಸ್ಟಾರ್ಟ್ ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕೆನಡಾದಲ್ಲಿರುವ ಮಗ ಚಳಿಗಾಲದ ನಾಲ್ಕು ತಿಂಗಳು ಊರಿಗೆ ಬರುತ್ತಿದ್ದಾನೆ, ಅಷ್ಟು ದಿನ ಅವನ ಕಾರನ್ನು ಹೇಗೆ ನಿಲ್ಲಿಸಿಡಬೇಕು ಎಂದು ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ ತಮ್ಮ ಪತ್ರಿಕೆಯ ವಾಹನ ಅಂಕಣದಲ್ಲಿ ಉತ್ತರ ಪ್ರಕಟವಾಗಿತ್ತು. ಪರಿಚಯದವರ ಕೈಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸಿ, ಐದು ನಿಮಿಷ ಎಂಜಿನ್ ಓಡಲು ಬಿಟ್ಟರೆ ಸಾಕು ಎಂಬುದು ಆ ಉತ್ತರದ ಸಾರ. ಉತ್ತರಿಸಿದವರ ಸದಾಶಯದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದೇ; ನನ್ನ ತಂದೆಯವರೂ ಫೋನಿನಲ್ಲಿ ನನಗೆ ಅದನ್ನೇ ಹೇಳಿದ್ದರು. ಆದರೆ ಹಿಮ ಬೀಳುವ ನಾಡಿನಲ್ಲಿ ಈ ಸಲಹೆಯನ್ನು ಪಾಲಿಸಿದರೆ ಕಾರಿಗೆ ಒಳ್ಳೆಯದಾಗುವ ಬದಲು ಕೆಡುಕೇ ಆಗುತ್ತದೆ, ಕೆಲವೊಮ್ಮೆ ಮನೆಯವರ ಜೀವಕ್ಕೂ ಅಪಾಯವಿರುತ್ತದೆ. ಆದ್ದರಿಂದ ಈ ಪತ್ರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಸೀಮೆಯವನು. 19 ವರ್ಷಗಳಿಂದ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲಿದ್ದೇನೆ. ಕಳೆದ ಏಳು ವರ್ಷಗಳಿಂದ ನವೆಂಬರ್ ಕೊನೆಯಲ್ಲಿ ಅಡಿಕೆ ಕೊಯ್ಲಿಗೆಂದು ಊರಿಗೆ ಬಂದು, ಮಾರ್ಚ್ ಮುಗಿಯುವ ಹೊತ್ತಿಗೆ ಮರಳುವುದು ರೂಢಿಯಾಗಿದೆ. ಅಷ್ಟೂ ದಿನ ನನ್ನ ಕಾರು ಹಿತ್ತಲಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಇಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ಕೆಲವು ದಿನ ಮೈನಸ್ 30ಕ್ಕಿಂತಲೂ ಕೆಳಗಿಳಿಯುತ್ತದೆ. ಇಲ್ಲಿನ ಕಾರುಗಳ ಮುಂಭಾಗದಲ್ಲಿ ವಿದ್ಯುತ್ ಪ್ಲಗ್ಗೊಂದು ನೇತಾಡುವುದನ್ನು ಊರಿನಿಂದ ಬಂದವರು ಅಚ್ಚರಿಯಿಂದ ನೋಡುತ್ತಾರೆ. ರಾತ್ರಿಯಿಡೀ ಎಂಜಿನ್ನನ್ನು ತುಸು ಬೆಚ್ಚಗಿಡುವ ಹೀಟರಿನ ಪ್ಲಗ್ ಅದು. ಅದಿಲ್ಲದಿದ್ದರೆ ದಿನಾ ಓಡುವ ಕಾರೂ ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ.

ಮೊದಲ ವರ್ಷ ನಾನು ಹಿರಿಯರು ಹೇಳಿದ ಹಾಗೆಯೇ ಮಾಡಿದೆ. ಪಕ್ಕದ ಮನೆಯವರು ಮಾತು ಕೊಟ್ಟಂತೆ ಪ್ರತಿ ಭಾನುವಾರ ಬಂದು ಐದು ನಿಮಿಷ ಎಂಜಿನ್ ಓಡಿಸಿ ಹೋದರು. ಜನವರಿಯ ನಡುವಿನಲ್ಲಿ ಒಂದು ಭಾನುವಾರ ಸ್ಟಾರ್ಟ್ ಆಗಲಿಲ್ಲ ಎಂದು ತಿಳಿಸಿದರು. ಮಾರ್ಚ್‌ನಲ್ಲಿ ಮರಳಿ ಬಾನೆಟ್ ಎತ್ತಿ ನೋಡಿದಾಗ ಬ್ಯಾಟರಿಯ ಎರಡೂ ಪಕ್ಕಗಳು ಊದಿಕೊಂಡಿದ್ದವು. ಒಂದು ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಕೆಳಗಿನವರೆಗೆ ಇಳಿದಿತ್ತು, ಅದರಿಂದ ಒಸರಿದ ಆ್ಯಸಿಡ್ ಕೆಳಗಿನ ತಟ್ಟೆಯ ಬಣ್ಣವನ್ನು ತಿಂದು ಬಿಳಿಯ ಹುಡಿಯಾಗಿ ಒಣಗಿತ್ತು. ಏರ್ ಫಿಲ್ಟರಿನ ಡಬ್ಬಿ ತೆರೆದರೆ, ಸೀಟಿನ ಸ್ಪಂಜನ್ನೂ ಟಿಶ್ಯೂ ಕಾಗದವನ್ನೂ ನುಣ್ಣಗೆ ಕತ್ತರಿಸಿ ಹಾಸಿದ ಇಲಿಯ ಗೂಡು, ಅದರ ನಡುವೆ ಒಂದು ಹಿಡಿಯಷ್ಟು ಸೂರ್ಯಕಾಂತಿ ಬೀಜ. ಆ ನೆರೆಯವರು ಒಂದು ವಾರವೂ ತಪ್ಪಿಸಿರಲಿಲ್ಲ. ತಪ್ಪಿದ್ದು ಸಲಹೆಯಲ್ಲಿ.

ಯಾಕೆ ಹೀಗಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ತಿಳಿಯಬಹುದು. ಈಗಿನ ಕಾರುಗಳು ಬೀಗ ಹಾಕಿ ನಿಂತಾಗಲೂ ಗಡಿಯಾರ, ಅಲಾರಂ, ಕೀಲಿಯ ಸಂಕೇತಕ್ಕೆ ಕಾಯುವ ರಿಸೀವರ್ ಮುಂತಾದವುಗಳಿಗಾಗಿ ಸದಾ ಅಷ್ಟಿಷ್ಟು ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಅದು 30 ಮಿಲಿಆ್ಯಂಪಿಯರ್ ಎಂದುಕೊಂಡರೂ ವಾರಕ್ಕೆ ಸುಮಾರು 5 ಆ್ಯಂಪಿಯರ್-ಗಂಟೆಯಷ್ಟಾಗುತ್ತದೆ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದನ್ನು ಅಳೆಯುವುದು ಇದರಲ್ಲೇ). 60 ಆ್ಯಂಪಿಯರ್-ಗಂಟೆಯ ಬ್ಯಾಟರಿಯೊಂದು ಮೂರು ತಿಂಗಳೊಳಗೆ ಬರಿದಾಗಲು ಇದಿಷ್ಟೇ ಸಾಕು. ಚಳಿಯಲ್ಲಿ ಗಟ್ಟಿಯಾದ ಎಣ್ಣೆಯ ನಡುವೆ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟರ್ ಎಳೆಯುವುದು ಇದರ ಮೇಲಿನ ಖರ್ಚು. ವಾರವಿಡೀ ಸೋರಿದ್ದೂ ಸ್ಟಾರ್ಟ್‌ಗೆ ಹೋದದ್ದೂ ಐದು ನಿಮಿಷದಲ್ಲಿ ಭರ್ತಿಯಾಗುವ ಮಾತೇ ಇಲ್ಲ. ಮೈ ಹೆಪ್ಪುಗಟ್ಟಿದಂತಿರುವ ಬ್ಯಾಟರಿ ಚಾರ್ಜನ್ನು ಒಳಗೆಳೆದುಕೊಳ್ಳುವುದೇ ತೀರ ನಿಧಾನ. ಹೀಗೆ ವಾರದಿಂದ ವಾರಕ್ಕೆ ಬ್ಯಾಟರಿ ಇಳಿಯುತ್ತ ಹೋಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಳಗಿನ ದ್ರವ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಅದೇ ಬ್ಯಾಟರಿ ಖಾಲಿಯಾಯಿತೆಂದರೆ, ಒಳಗಿನ ದ್ರವ ಬಹುಪಾಲು ನೀರೇ ಆಗಿಬಿಡುವುದರಿಂದ, ಮೈನಸ್ 7 ಡಿಗ್ರಿಯ ಆಸುಪಾಸಿನಲ್ಲೇ ಮಂಜುಗಡ್ಡೆಯಾಗಿ ಹಿಗ್ಗಿ ಡಬ್ಬಿಯನ್ನು ಸೀಳುತ್ತದೆ. ನನ್ನ ಕಾರಿನಲ್ಲಿ ಆದದ್ದು ಇದೇ. ಹಾಗೆ ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರನ್ನಾಗಲಿ, ಇನ್ನೊಂದು ಕಾರಿನ ತಂತಿಯನ್ನಾಗಲಿ ಎಂದೂ ಹಚ್ಚಬಾರದು. ಅದು ಸಿಡಿಯುವ ಅಪಾಯವಿದೆ.

ಎರಡನೆಯ ಕೆಡುಕು ನೀರಿನದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಕಾರು ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಕಾದರೆ ಆ ಆವಿ ಹೊರಗೆ ಹೋಗುತ್ತದೆ. ಐದು ನಿಮಿಷದ ಓಟದಲ್ಲಿ ಕೊಳವೆಗಳು ಬಿಸಿಯೇರುವುದಿಲ್ಲವಾದ್ದರಿಂದ ಅದು ತಣ್ಣನೆಯ ಲೋಹಕ್ಕೆ ತಗಲಿ ಹನಿಗಟ್ಟಿ, ಸೈಲೆನ್ಸರಿನೊಳಗೆ ನಿಂತು ತುಕ್ಕು ಹಿಡಿಸುತ್ತದೆ. ಎಂಜಿನ್ ಎಣ್ಣೆಯಲ್ಲೂ ಸೇರಿಕೊಳ್ಳುತ್ತದೆ. ನಾಲ್ಕು ತಿಂಗಳು ಮುಟ್ಟದೆ ಬಿಟ್ಟ ಎಂಜಿನ್ನಿಗಿಂತ ಹದಿನಾರು ಬಾರಿ ಅರೆಬರೆ ಕಾಯಿಸಿದ ಎಂಜಿನ್ನಿಗೆ ಸವಕಳಿ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯದನ್ನು ಹೆತ್ತವರು ಮಕ್ಕಳಿಗೆ ಇವತ್ತೇ ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಚಳಿಗೆ ಹೆದರಿ ಶೆಡ್ಡಿನ ಬಾಗಿಲು ಮುಚ್ಚಿಕೊಂಡೇ ಕಾರು ಸ್ಟಾರ್ಟ್ ಮಾಡುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಲ್ಲಿ ಅನೇಕ ಮನೆಗಳಲ್ಲಿ ಗ್ಯಾರೇಜು ಮಲಗುವ ಕೋಣೆಯ ಕೆಳಗೋ ಪಕ್ಕಕ್ಕೋ ಅಂಟಿಕೊಂಡಿರುವುದರಿಂದ ಅದು ಗೋಡೆಯ ಸಂದುಗಳಲ್ಲಿ ಮನೆಯೊಳಕ್ಕೆ ಬಂದು, ಮಲಗಿದವರು ಮಲಗಿದಲ್ಲೇ ಸಾಯುವಂತೆ ಮಾಡಬಲ್ಲದು. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಓಡಿಸಬಾರದು.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ, ಆ ಮೊದಲ ವರ್ಷದ ನಂತರ ಪ್ರತಿ ಚಳಿಗಾಲದಲ್ಲೂ ನಾನು ಮಾಡುತ್ತ ಬಂದಿರುವುದನ್ನು ಹೇಳುತ್ತೇನೆ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗೆ ನೀರು ತಗಲದಂತೆ ಕೊಟ್ಟೆ (ಹೊದಿಕೆ) ಕಟ್ಟಿ ಮುಗಿಸುತ್ತಾರಲ್ಲ, ಹಾಗೆ ಇದೂ ಹಿಮ ಬೀಳುವ ಮೊದಲು ಒಂದು ಶನಿವಾರದಲ್ಲಿ ಮುಗಿಯಬೇಕಾದ ಕೆಲಸ.

ಮೊದಲು ಬ್ಯಾಟರಿ. ಶೆಡ್ಡಿನಲ್ಲಿ ವಿದ್ಯುತ್ ಸಂಪರ್ಕವಿದ್ದರೆ, ಬ್ಯಾಟರಿ ತುಂಬಿದೊಡನೆ ತಾನೇ ಚಾರ್ಜನ್ನು ತಗ್ಗಿಸಿಕೊಂಡು ತಿಂಗಳುಗಟ್ಟಲೆ ಕಾಯುವ ಪುಟ್ಟ ಚಾರ್ಜರನ್ನು ಜೋಡಿಸಿ ಬಿಡುವುದು ಅತ್ಯುತ್ತಮ. ಬಾಡಿಗೆ ಮನೆಯವರಿಗೆ, ಬಯಲಿನಲ್ಲಿ ಕಾರು ನಿಲ್ಲಿಸುವ ವಿದ್ಯಾರ್ಥಿಗಳಿಗೆ ಆ ಅನುಕೂಲವಿರುವುದಿಲ್ಲ. ಅವರು ಬ್ಯಾಟರಿಯನ್ನೇ ಬಿಚ್ಚಿ ಪೂರ್ತಿ ಚಾರ್ಜ್ ಮಾಡಿ ತಣ್ಣಗಿನ, ಗಾಳಿಯಾಡುವ ಜಾಗದಲ್ಲಿ ಇಡಬಹುದು. ಬಿಚ್ಚುವಾಗ ಮೊದಲು ನೆಗೆಟಿವ್ ತಂತಿ, ಮರಳಿ ಜೋಡಿಸುವಾಗ ಅದು ಕೊನೆಗೆ; ಸ್ಪಾನರ್ ಕಾರಿನ ಮೈಗೆ ತಗಲಿ ಕಿಡಿ ಹಾರದಿರಲು ಈ ಕ್ರಮ. ಬಿಚ್ಚುವ ಮುನ್ನ ಡಿಕ್ಕಿಯನ್ನು ಕೀಲಿಯಿಂದ ಕೈಯಾರೆ ತೆರೆಯಲು ಬರುತ್ತದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ವಿದ್ಯುತ್ ಕಾರಿನವರೂ ಇದನ್ನು ಗಮನಿಸಬೇಕು, ಅವುಗಳಲ್ಲೂ ಬಹುತೇಕ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಪ್ರತ್ಯೇಕವಾಗಿ ಇರುತ್ತದೆ.

ಪೆಟ್ರೋಲಿನ ವಿಷಯದಲ್ಲಿ, ಟ್ಯಾಂಕ್ ಖಾಲಿ ಬಿಡಬೇಕೆಂದು ಹಲವರು ನಂಬಿದ್ದಾರೆ. ತುಂಬಿಸಿಡುವುದೇ ಸರಿ, ಯಾಕೆಂದರೆ ಖಾಲಿ ಜಾಗ ಇದ್ದಷ್ಟೂ ಅದರೊಳಗಿನ ಗಾಳಿಯ ತೇವ ಹನಿಗಟ್ಟಲು ಅವಕಾಶ ಹೆಚ್ಚು. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಅದು ಪೆಟ್ರೋಲಿನೊಂದಿಗೆ ಬೆರೆತೇ ಇದ್ದು, ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿದುಬಿಡುತ್ತವೆ. ಚಳಿ ಹೆಚ್ಚಿದಷ್ಟೂ ಆ ಮಿತಿ ಕಡಿಮೆಯಾಗುತ್ತದೆ. ಇಂಧನ ಕೆಡದಂತೆ ತಡೆಯುವ ದ್ರಾವಣದ ಬಾಟಲಿ ಇಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅದನ್ನು ಮನೆಗೆ ತಂದು ಸುರಿಯುವ ಬದಲು ಬಂಕಿನಲ್ಲೇ ಮೊದಲು ಹಾಕಿ, ಮೇಲೆ ಪೆಟ್ರೋಲ್ ತುಂಬಿಸಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಂದರೆ ಅದು ಕೊಳವೆಗಳ ಕೊನೆಯವರೆಗೂ ತಲುಪಿರುತ್ತದೆ. ಭಾರತದಲ್ಲಿಯೂ ಈಗ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿರುವುದರಿಂದ, ರಜೆಗೆ ಬಂದಾಗ ಮಾತ್ರ ಓಡಿಸಲು ಮೈಸೂರಿನಲ್ಲೋ ಮಂಗಳೂರಿನಲ್ಲೋ ಕಾರು ಇಟ್ಟುಕೊಂಡಿರುವ ನಮ್ಮಂಥವರು ಅಲ್ಲಿಯೂ ಈ ಬಗ್ಗೆ ಯೋಚಿಸಬೇಕಾಗಿದೆ.

ಎಂಜಿನ್ ಎಣ್ಣೆಯನ್ನು ಮರಳಿ ಬಂದ ಮೇಲೆ ಬದಲಿಸೋಣ ಎನ್ನುವುದು ತಪ್ಪು ಉಳಿತಾಯ. ಬಳಸಿದ ಎಣ್ಣೆಯಲ್ಲಿ ಆಮ್ಲವೂ ತೇವವೂ ಸೇರಿರುತ್ತವೆ, ಅದು ನಾಲ್ಕು ತಿಂಗಳು ಬೇರಿಂಗುಗಳ ಮೇಲೆ ಕೂರುವುದಕ್ಕಿಂತ ಹೊಸ ಎಣ್ಣೆ ಕೂರುವುದು ಮೇಲು. ಎಂಜಿನ್ನನ್ನು ತಂಪಾಗಿಡುವ ಕೂಲಂಟ್‌ನಲ್ಲಿ ನೀರೂ ಗ್ಲೈಕಾಲ್ ದ್ರವವೂ ಸಮಪಾಲು ಇದ್ದರೆ ಅದು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದೆ ನಿಲ್ಲುತ್ತದೆ. ಗಟ್ಟಿಯಾಗಿರಲಿ ಎಂದು ನೀರೇ ಬೆರೆಸದೆ ತುಂಬಿಸುವವರನ್ನು ನೋಡಿದ್ದೇನೆ. ಬರಿಯ ಎಥಿಲೀನ್ ಗ್ಲೈಕಾಲ್ ಮೈನಸ್ 13 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಊರಿನ ಅಭ್ಯಾಸಬಲದಿಂದ ಗಾಜು ತೊಳೆಯುವ ಡಬ್ಬಿಯಲ್ಲಿ ನೀರು ಬಿಟ್ಟಿದ್ದರೆ ಅದನ್ನೂ ಖಾಲಿ ಮಾಡಿ ಚಳಿಗಾಲದ ದ್ರಾವಣ ಹಾಕಬೇಕು.

ತೊಳೆಯುವುದನ್ನು ಅಂದಕ್ಕಾಗಿ ಮಾಡುವ ಕೆಲಸವೆಂದು ತಿಳಿಯಬಾರದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಕಾರನ್ನು ನಿಲ್ಲಿಸುವ ಮೊದಲೇ ಒಂದೆರಡು ಬಾರಿ ಹಿಮ ಬಿದ್ದಿದ್ದರೆ ಆ ಉಪ್ಪು ತಳದಲ್ಲಿ, ಚಕ್ರದ ಗೂಡುಗಳಲ್ಲಿ ಅಂಟಿರುತ್ತದೆ. ತಳಕ್ಕೆ ನೀರು ಹಾಯಿಸಿ ತೊಳೆಸಿ, ಪೂರ್ತಿ ಒಣಗಿಸಿಯೇ ಒಳಗಿಡಬೇಕು. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಆಗಬೇಕು.

ಇಲಿಗಳ ಕಾಟ ಊರಿನವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಹೆಗ್ಗಣ ಸೇರಿ ವೈರು ಕಡಿಯುವುದನ್ನು ಮಲೆನಾಡಿನಲ್ಲಿ ಯಾರು ಕಂಡಿಲ್ಲ! ಇಲ್ಲಿ ಅವು ಚಳಿಗೆ ಆಸರೆ ಹುಡುಕಿ ಬರುತ್ತವೆ. ಕಾರಿನೊಳಗೆ ಒಂದು ಚೂರು ಬಿಸ್ಕತ್ತೂ ಉಳಿಯದಂತೆ ಗುಡಿಸಿ, ಗಾಳಿ ಎಳೆಯುವ ಕೊಳವೆಯ ಬಾಯಿಗೂ ಸೈಲೆನ್ಸರಿನ ತುದಿಗೂ ಸಣ್ಣ ಕಣ್ಣಿನ ತಂತಿಜಾಲರಿ ತುರುಕುತ್ತೇನೆ. ತೆಗೆಯಲು ಮರೆಯದಂತೆ ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿಡುತ್ತೇನೆ. ಇಷ್ಟಾಗಿಯೂ ಗೂಡು ಕಂಡರೆ ಒಣಗಿದ್ದನ್ನು ಹಾಗೆಯೇ ಗುಡಿಸಬಾರದು. ಇಲ್ಲಿನ ಒಂದು ಜಾತಿಯ ಕಾಡಿಲಿಯ ಹಿಕ್ಕೆ-ಮೂತ್ರದ ಧೂಳಿನಿಂದ ಶ್ವಾಸಕೋಶದ ಗಂಭೀರ ಕಾಯಿಲೆ ತರುವ ಹ್ಯಾಂಟಾ ವೈರಸ್ ಹರಡುವುದುಂಟು. ಕೈಗವಸು, ಮಾಸ್ಕ್ ಹಾಕಿಕೊಂಡು, ಬ್ಲೀಚಿನ ನೀರಿನಲ್ಲಿ ನೆನೆಸಿ ಒರೆಸಿ ತೆಗೆಯಬೇಕು.

ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ತುಕ್ಕಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಗಾಲಿಗಳಿಗೆ ಮರದ ತುಂಡು ಕೊಟ್ಟರೆ ಸಾಕು. ಉಷ್ಣತೆ ಐದಾರು ಡಿಗ್ರಿ ಇಳಿದಂತೆ ಟಯರಿನ ಗಾಳಿ ಸುಮಾರು ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುವುದರಿಂದ, ಟಯರಿನ ಮೇಲೆ ಬರೆದಿರುವ ಗರಿಷ್ಠ ಮಿತಿ ಮೀರದಂತೆ ತುಸು ಹೆಚ್ಚೇ ಗಾಳಿ ಹೊಡೆಸಬೇಕು. ವಿಮೆಯನ್ನು ಪೂರ್ತಿ ರದ್ದು ಮಾಡುವ ಮೊದಲು, ನಿಂತ ವಾಹನಕ್ಕೆ ಬೆಂಕಿ ಮತ್ತು ಕಳವಿನ ರಕ್ಷಣೆ ಮಾತ್ರ ಕೊಡುವ ಕಡಿಮೆ ಕಂತಿನ ವಿಮೆ ಇದೆಯೇ ಎಂದು ವಿಚಾರಿಸುವುದು ಲೇಸು.

ಮರಳಿದ ದಿನ ಅವಸರ ಬೇಡ. ಜಾಲರಿ ತೆಗೆದು, ಬಾನೆಟ್ಟಿನೊಳಗೆ ಟಾರ್ಚ್ ಹಿಡಿದು ನೋಡಿ, ಬ್ಯಾಟರಿ ಜೋಡಿಸಿ, ಗಾಳಿ ಸರಿಪಡಿಸಿ, ಕಾರನ್ನು ಹೊರಗೆ ತಂದು, ಬ್ರೇಕನ್ನು ನಾಲ್ಕಾರು ಬಾರಿ ನಿಧಾನವಾಗಿ ಒತ್ತಿ ನೋಡಿದ ಮೇಲೆಯೇ ರಸ್ತೆಗೆ ಇಳಿಸಬೇಕು. ಕಳೆದ ಮಾರ್ಚ್‌ನಲ್ಲಿ ನನ್ನ ಕಾರು ಮೊದಲ ತಿರುವಿಗೇ ಸ್ಟಾರ್ಟ್ ಆಯಿತು. ನಾಲ್ಕು ತಿಂಗಳಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಚಳಿನಾಡುಗಳಲ್ಲಿ ಓದುತ್ತಿರುವ, ದುಡಿಯುತ್ತಿರುವ ಮಕ್ಕಳಿಗೆ ಇಂಥ ವಿಷಯಗಳಲ್ಲಿ ಮೊದಲ ಸಲಹೆ ಬರುವುದು ಊರಿನಲ್ಲಿರುವ ತಂದೆ-ತಾಯಿಯ ಫೋನಿನಿಂದ. ಆ ತಂದೆ-ತಾಯಿ ನಂಬುವುದು ತಮ್ಮ ಪತ್ರಿಕೆಯನ್ನು. ಆದ್ದರಿಂದ ‘ವಾರಕ್ಕೆ ಐದು ನಿಮಿಷ’ ಎಂಬ ಉತ್ತರವನ್ನು ತಿದ್ದಿ, ಅದೇ ಅಂಕಣದಲ್ಲಿ, ಸಾಧ್ಯವಾದರೆ ನವೆಂಬರಿಗೆ ಮೊದಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಜಾಗದ ಅಭಾವವಿದ್ದರೆ ಈ ಪತ್ರದ ಉಳಿದೆಲ್ಲವನ್ನೂ ಬಿಟ್ಟು, ಮುಚ್ಚಿದ ಗ್ಯಾರೇಜಿನ ಹೊಗೆಯ ಬಗ್ಗೆ ಬರೆದ ಸಾಲುಗಳನ್ನಾದರೂ ದಯವಿಟ್ಟು ಅಚ್ಚು ಹಾಕಿಸಿ.

ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ಮೂಲದ ಓದುಗ
ವಿನ್ನಿಪೆಗ್, ಕೆನಡಾ