ಸಂಸ್ಕರಿಸಿದ ಮಾಂಸ ಅಂದರೆ ತೊಳೆದಿಟ್ಟ ಮಾಂಸವಲ್ಲ

ಸಂಪಾದಕರಿಗೆ ನಮಸ್ಕಾರ.

ಯುಗಾದಿಗೆ ಮುಂಚಿನ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ‘ಮಾಂಸ ತಿಂತೀರಾ? ಕರುಳಿನ ಕ್ಯಾನ್ಸರ್ ಬಂದೀತು, ಹುಷಾರ್!’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಿರಿ. ಪಕ್ಕದಲ್ಲಿ ಒಂದು ಬಟ್ಟಲು ಮಟನ್ ಸಾರಿನ ಫೋಟೋ. ಮೇಲೆ ಕೊತ್ತಂಬರಿ ಸೊಪ್ಪು ಬೇರೆ ಉದುರಿಸಿತ್ತು. ಆ ಫೋಟೋದಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ.

ನಾವು ಮಂಡ್ಯ ಕಡೆಯವರು. ಹೊಸತೊಡಕಿನ ದಿನ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲುವ ನಮ್ಮ ಯಜಮಾನರು ಈ ಸಲ ಮುಸುಕು ಹೊದ್ದು ಮಲಗಿಬಿಟ್ಟರು. ಎಬ್ಬಿಸಿದರೆ ‘ಬಾಡು ಬ್ಯಾಡ ಕಣೆ, ಪೇಪರ್‌ನೋರೇ ಬರ್ದವ್ರೆ’ ಅಂದರು. ಸರಿ ಅಂತ ಹುರುಳಿಕಾಳು ಸಾರು ಮಾಡಿದೆ. ಹೊಸತೊಡಕಿಗೆ ಕಾಳುಸಾರು! ಬಂದ ನೆಂಟರು ಮುಖ ಮುಖ ನೋಡಿಕೊಂಡು ಉಂಡು ಹೋದರು.

ಮಾರನೇ ದಿನ ಬೆಳಿಗ್ಗೆ ಅದೇ ಅಡುಗೆಮನೆಯಲ್ಲಿ ಸೊಸೆ ಮೊಮ್ಮಗನಿಗೆ ಬ್ರೆಡ್ ನಡುವೆ ಚಿಕನ್ ಸಲಾಮಿ, ಅಂದರೆ ಪ್ಯಾಕೆಟ್ಟಿನಲ್ಲಿ ಬರುವ ಕೋಳಿ ಮಾಂಸದ ಬಿಲ್ಲೆ, ಇಟ್ಟು ಕೊಡುತ್ತಿದ್ದಳು. ದಿನಾ ಕೊಡುತ್ತಾಳೆ. ಹುಡುಗ ಬೇರೆ ಏನೂ ಮುಟ್ಟೋದಿಲ್ಲ. ‘ಪೇಪರ್ ಓದಲಿಲ್ವೇನಮ್ಮಾ?’ ಅಂದೆ. ‘ಓದಿದೆ ಅತ್ತೆ. ಇದು ಚಿಕನ್ನು, ಮಟನ್ ಅಲ್ಲ. ಅದೂ ಸಂಸ್ಕರಿಸಿರೋದು, ಅಂಗಡಿ ಮಾಂಸದ ಥರ ನೊಣ ಕೂತಿರಲ್ಲ’ ಅಂದಳು.

ಅವಳದ್ದು ತಪ್ಪಿಲ್ಲ. ನಿಮ್ಮ ಲೇಖನದ ಕೊನೆಯಲ್ಲಿ ಒಂದೇ ಒಂದು ಕಡೆ ‘ಸಂಸ್ಕರಿಸಿದ ಮಾಂಸ’ ಅಂತ ಇತ್ತು. ಅದೇನು ಅಂತ ಬಿಡಿಸಿ ಹೇಳಿರಲಿಲ್ಲ. ನಾನು ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. ಸಂಸ್ಕಾರ, ಸಂಸ್ಕೃತಿ, ಸಂಸ್ಕರಣೆ, ಇವೆಲ್ಲ ನಮ್ಮ ಕಿವಿಗೆ ಒಳ್ಳೆಯ ಮಾತುಗಳು. ‘ಸಂಸ್ಕರಿಸಿದ’ ಅಂದರೆ ಶುದ್ಧ ಮಾಡಿದ್ದು, ಕೊಳೆ ತೆಗೆದದ್ದು ಅಂತಲೇ ಜನ ತಿಳಿಯುತ್ತಾರೆ. ಯಾವುದರಿಂದ ದೂರ ಇರಬೇಕೋ ಅದಕ್ಕೇ ಇಷ್ಟು ಮರ್ಯಾದೆಯ ಹೆಸರು ಕೊಟ್ಟುಬಿಟ್ಟಿದ್ದೀವಿ.

ಮಗಳ ಹತ್ತಿರ ಫೋನಿನಲ್ಲಿ ಹುಡುಕಿಸಿ ಓದಿಸಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್‌ನಲ್ಲಿದೆ. 2015ರ ಅಕ್ಟೋಬರಿನಲ್ಲಿ ಅಲ್ಲಿ 10 ದೇಶಗಳ 22 ತಜ್ಞರು ಕೂತು 800ಕ್ಕೂ ಜಾಸ್ತಿ ಅಧ್ಯಯನಗಳನ್ನು ನೋಡಿದರು. ಅವರು ಮಾಂಸವನ್ನೆಲ್ಲ ಒಂದೇ ಗಂಟು ಕಟ್ಟಲಿಲ್ಲ. ಉಪ್ಪು ಹಾಕಿ, ಹೊಗೆ ಹಾಕಿ, ಹುಳಿ ಬರಿಸಿ ಅಥವಾ ರಾಸಾಯನಿಕ ಬೆರೆಸಿ ಕೆಡದಂತೆ ಮಾಡಿದ ಮಾಂಸ, ಅಂದರೆ ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್, ಇವು ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣ ಆಗುತ್ತವೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ ಅಂದರು. ಕುರಿ, ದನ, ಹಂದಿಯ ತಾಜಾ ಮಾಂಸ ಒಂದು ಮೆಟ್ಟಿಲು ಕೆಳಗೆ, ‘ಬಹುಶಃ ಕಾರಣ’ ಅನ್ನುವ ಗುಂಪಿನಲ್ಲಿ. ಮನೆಯಲ್ಲಿ ಮಾಡಿದ ಕೋಳಿ ಸಾರು, ಮೀನು ಸಾರು ಈ ಎರಡರಲ್ಲೂ ಇಲ್ಲ. ಆದರೆ ಕೋಳಿಯನ್ನೇ ಸಲಾಮಿ ಮಾಡಿದರೆ ಅದು ಮೊದಲನೇ ಗುಂಪಿಗೆ ಸೇರಬಹುದು. ಸೊಸೆ ಎಡವಿದ್ದು ಇಲ್ಲೇ.

ಆಮೇಲೆ ಫ್ರಿಜ್ಜಿನಿಂದ ಪ್ಯಾಕೆಟ್ ತೆಗೆದು ನೋಡಿದೆ. ಕನ್ನಡಕ ಸಾಲದೆ ಮೊಮ್ಮಗನ ಭೂತಗನ್ನಡಿ ಬೇಕಾಯಿತು. ಹಿಂದುಗಡೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ‘ಐಎನ್‌ಎಸ್ 250’ ಅಂತಿತ್ತು. ಅಂದರೆ ಸೋಡಿಯಂ ನೈಟ್ರೈಟ್. ಕನ್ನಡದಲ್ಲಿ ಒಂದಕ್ಷರ ಇಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು ಅಂತ ಕಾನೂನೇ ಹೇಳುತ್ತದಂತೆ. ಕೇಕ್ ಮಾಡುವ ತಕ್ಕಡಿಯಲ್ಲಿ ಹುಡುಗ ತಿನ್ನುವ ನಾಲ್ಕು ಬಿಲ್ಲೆ ಇಟ್ಟರೆ 52 ಗ್ರಾಂ. ಎರಡು ಬಿಲ್ಲೆಯನ್ನು ಕಾವಲಿಯ ಮೇಲೆ ಹಾಕಿದೆ. ಮಟನ್ ಬೆಂದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕೋಳಿ ಬೆಳ್ಳಗಾಗುತ್ತದೆ. ಇದು ಅಂಚು ಸೀದರೂ ನಡುವೆ ಗುಲಾಬಿ ಗುಲಾಬಿಯೇ! ಆ ಬಣ್ಣ ನೈಟ್ರೈಟಿನದು. ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುವುದೂ ಅದೇ, ಅದಕ್ಕೇ ಹಾಕುತ್ತಾರೆ. ಆದರೆ ಹೊಟ್ಟೆಯೊಳಗೆ ಮಾಂಸದ ಜೊತೆ ಸೇರಿ ಅದು ನೈಟ್ರೋಸೋ ಅನ್ನುವ ಸಂಯುಕ್ತಗಳಾಗುತ್ತದೆ. ಕರುಳಿನ ಒಳಪದರದ ಜೀವಕೋಶಗಳನ್ನು ಕೆಡಿಸುವುದು ಇವು.

ಹಾಗಂತ ನಾನೂ ನಿಮ್ಮ ಹಾಗೆ ಹೆದರಿಸಲು ಹೊರಟಿಲ್ಲ. ‘ಸಿಗರೇಟು ಸೇದಿದಷ್ಟೇ ಅಪಾಯ’ ಅಂತಲೂ ಬರೆದಿದ್ದಿರಿ. ಅದು ಸುಳ್ಳು. ಎರಡೂ ಲಿಯೋನ್ ಸಂಸ್ಥೆಯ ಒಂದೇ ಪಟ್ಟಿಯಲ್ಲಿವೆ, ನಿಜ. ಆ ಪಟ್ಟಿ ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಆಗ ಅದೇ ಸಂಸ್ಥೆ ಬೇರೆಯವರ ಅಧ್ಯಯನದಿಂದ ಎತ್ತಿ ಹೇಳಿದ ಅಂದಾಜು ನೋಡಿ: ಇಂಥ ಮಾಂಸ ಜಾಸ್ತಿ ತಿನ್ನುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34 ಸಾವಿರ ಕ್ಯಾನ್ಸರ್ ಸಾವು, ತಂಬಾಕಿನಿಂದ 10 ಲಕ್ಷ. ದಿನಾ 50 ಗ್ರಾಂ ತಿಂದರೆ ಅಪಾಯ ಶೇ. 18 ಜಾಸ್ತಿ ಅನ್ನುವುದನ್ನೂ ನೀವು ‘ನೂರಕ್ಕೆ ಹದಿನೆಂಟು ಜನಕ್ಕೆ ಕ್ಯಾನ್ಸರ್’ ಮಾಡಿಬಿಟ್ಟಿದ್ದೀರಿ. ಇದು ನಾಲ್ಕನೇ ಕ್ಲಾಸಿನ ಲೆಕ್ಕ ಸ್ವಾಮಿ. ಬ್ರಿಟನ್ನಿನ ಲೆಕ್ಕದಲ್ಲಿ ಇಂಥ ಮಾಂಸ ತೀರಾ ಕಮ್ಮಿ ತಿನ್ನುವ 1000 ಜನರಲ್ಲಿ ಜೀವಮಾನದಲ್ಲಿ 56 ಜನಕ್ಕೆ ಈ ಕ್ಯಾನ್ಸರ್ ಬರುತ್ತದೆ, ತೀರಾ ಜಾಸ್ತಿ ತಿನ್ನುವವರಲ್ಲಿ 66 ಜನಕ್ಕೆ. ಹತ್ತು ಜನ ಜಾಸ್ತಿ. ಸಣ್ಣದಲ್ಲ, ಆದರೆ ಮುಸುಕು ಹೊದ್ದು ಮಲಗುವಷ್ಟೂ ಅಲ್ಲ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಅಲ್ಲಿಗಿಂತ ಕಮ್ಮಿಯೇ.

ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮಜ್ಜಿ ಹಬ್ಬದಲ್ಲಿ ಉಳಿದ ಮಾಂಸಕ್ಕೆ ಉಪ್ಪು, ಅರಿಶಿನ ಹಚ್ಚಿ ದಾರಕ್ಕೆ ಪೋಣಿಸಿ ಒಣಗಿಸುತ್ತಿದ್ದ ಉಪ್ಪುಕಂಡವೂ ಲಿಯೋನ್ ತಜ್ಞರ ಲೆಕ್ಕದಲ್ಲಿ ಇದೇ ಗುಂಪಿಗೆ ಸೇರುತ್ತದೆ. ಆದರೆ ಅದು ಬರುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ ಸಲ, ಮುದ್ದೆ ಪಕ್ಕಕ್ಕೆ ನಾಲ್ಕು ಚೂರು. ದಿನಾ ಬೆಳಿಗ್ಗೆ 52 ಗ್ರಾಂ ಅಲ್ಲ. ಯಜಮಾನರ ಮಟನ್ನಿಗೂ ಮಿತಿ ಇದೆ. ಬೇಯಿಸಿದ ಕೆಂಪು ಮಾಂಸ, ಅಂದರೆ ಕುರಿ, ದನ, ಹಂದಿಯಂಥವುಗಳದ್ದು, ವಾರಕ್ಕೆ 350ರಿಂದ 500 ಗ್ರಾಂ ದಾಟಬಾರದು ಅಂತ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರ ಸಲಹೆ. ಭಾನುವಾರಕ್ಕೊಂದು ಸಲ ಉಣ್ಣುವ ಇವರು ಅಷ್ಟು ಮುಟ್ಟುವುದೇ ಇಲ್ಲ.

ಇನ್ನೊಂದು ವಿಷಯ ಬಿಟ್ಟಿದ್ದೀರಿ. ಮಲದಲ್ಲಿ ರಕ್ತ ಬೀಳುವುದು ಈ ಕ್ಯಾನ್ಸರಿನ ಲಕ್ಷಣವೂ ಇರಬಹುದು. ಆದರೆ ರಕ್ತ ಕಂಡರೆ ನಮ್ಮ ಕಡೆ ಎಲ್ಲರೂ ಮೂಲವ್ಯಾಧಿ ಅಂತ ಹೇಳಿ ಸುಮ್ನೆ ನಾಟಿ ಔಷಧಿ ಮಾಡಿಕೊಂಡು ಕೂರುತ್ತಾರೆ, ಡಾಕ್ಟರಿಗೆ ಹೇಳಲು ನಾಚಿಕೆ. ಅರ್ಧ ಪುಟದ ಲೇಖನದಲ್ಲಿ ಅದಕ್ಕೆ ಎರಡು ಸಾಲು ಜಾಗ ಇರಲಿಲ್ವಾ?

ನನ್ನ ಕೋರಿಕೆ ಇಷ್ಟೇ. ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ತಿದ್ದುಪಡಿ ಹಾಕಿ. ‘ಸಂಸ್ಕರಿಸಿದ ಮಾಂಸ’ ಅನ್ನುವುದನ್ನು ಬಿಟ್ಟು ‘ಸಾಸೇಜ್, ಸಲಾಮಿಯಂಥವು’ ಅಂತಲೇ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ. ಸಾರಿನ ಬಟ್ಟಲಿನ ಫೋಟೋ ಬೇಡ. ಬೇಕಿದ್ದರೆ ನಮ್ಮ ಫ್ರಿಜ್ಜಿನಲ್ಲಿ ಇನ್ನೂ ಅರ್ಧ ಪ್ಯಾಕೆಟ್ ಸಲಾಮಿ ಉಳಿದಿದೆ, ಫೋಟೋದವರನ್ನು ಕಳಿಸಿ.

ಇತಿ,
ನಿವೃತ್ತ ಶಿಕ್ಷಕಿ, ಮಂಡ್ಯ